ನೂರು ದಿನದ ಕೂಲಿಯ ಸಾಲ

ಇನ್ನೊಬ್ಬರ ತಪ್ಪು ಕಣ್ಣಿಗೆ ಬಿದ್ದಾಗ ಅಷ್ಟಕ್ಕೇ ನಿಲ್ಲದೆ, ಆ ಒಂದು ತಪ್ಪನ್ನು ಹಿಡಿದು ಇಡೀ ಮನುಷ್ಯನನ್ನೇ ಅಳೆದು ಮುಗಿಸುವ ಅಭ್ಯಾಸವೇ ಟೀಕಾಬುದ್ಧಿ. ಜನರ ಬಾಯಲ್ಲಿ ಇದು ಕೊಂಕು ತೆಗೆಯುವುದು, ಹುಳುಕು ಹುಡುಕುವುದು, ಆಡಿಕೊಳ್ಳುವುದು. ಕ್ರೈಸ್ತ ಪರಂಪರೆ ಇದನ್ನು ಸಣ್ಣ ಚಟವೆಂದು ಬಿಟ್ಟುಬಿಟ್ಟಿಲ್ಲ. ಮೊದಲಿನಿಂದಲೂ ಪಾಪಗಳ ಸಾಲಿನಲ್ಲೇ ಇಟ್ಟಿದೆ. ಆರನೆಯ ಶತಮಾನದಲ್ಲಿ ಗಾಜಾದ ಸೀಮೆಯಲ್ಲಿ ಮಠ ನಡೆಸುತ್ತಿದ್ದ ದೊರೋಥಿಯಸ್ ಎಂಬ ಸಂನ್ಯಾಸಿ ತನ್ನ ಶಿಷ್ಯರಿಗೆ ಇದರ ಮೂರು ಹಂತಗಳನ್ನು ಬಿಡಿಸಿ ತೋರಿಸಿದ. ಇಂಥವನು ಸುಳ್ಳು ಹೇಳಿದ ಎಂದು ನಾಲ್ಕು ಜನರ ಮುಂದೆ ಆಡುವುದು ಮೊದಲನೆಯದು. ಅವನು ಸುಳ್ಳುಗಾರ ಎನ್ನುವುದು ಎರಡನೆಯದು. ಒಂದು ಕೃತ್ಯದ ಬಗ್ಗೆ ಆಡಿದ ಮಾತು ಇಲ್ಲಿ ಒಂದು ಬದುಕಿನ ಮೇಲಿನ ತೀರ್ಪಾಗುತ್ತದೆ. ಅವನನ್ನು ಕಂಡರೇ ಹೇಸಿ ದೂರ ಸರಿಯುವುದು ಮೂರನೆಯದು. ಮೊದಲ ಹಂತದಿಂದ ಎರಡನೆಯದಕ್ಕೆ ದಾಟುವುದು ಎಷ್ಟು ಸಲೀಸೆಂದರೆ, ದಾಟಿದವರಿಗೂ ಅದು ತಿಳಿಯುವುದಿಲ್ಲ. ಮನಶ್ಶಾಸ್ತ್ರಜ್ಞ ಲೀ ರಾಸ್ 1977ರಲ್ಲಿ ಹೆಸರಿಟ್ಟು ವಿವರಿಸಿದ್ದೂ ಇದೇ ಜಾರಿಕೆಯನ್ನು: ಬೇರೆಯವರ ನಡತೆಗೆ ಕಾರಣ ಹುಡುಕುವಾಗ ಮನುಷ್ಯ ಅವರ ಸಂದರ್ಭದ ಒತ್ತಡವನ್ನು ಕಡೆಗಣಿಸಿ, ಅವರ ಸ್ವಭಾವದ ಮೇಲೆಯೇ ಹೊರೆ ಹೊರಿಸುತ್ತಾನೆ.

ಆಡಿಕೊಳ್ಳುವ ಮಾತಿನ ಹಾನಿ ಎಷ್ಟು ದೂರ ಹೋಗಬಲ್ಲದು ಎಂಬ ನೆನಪನ್ನು ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ಆವನಿ ಇಟ್ಟುಕೊಂಡಿದೆ. ನೊಳಂಬರ ಕಾಲದ ರಾಮಲಿಂಗೇಶ್ವರ ಗುಡಿಗಳ ಗುಂಪಿಗೆ ಹೆಸರಾದ ಈ ಊರಿನ ಬೆಟ್ಟದಲ್ಲೇ ವಾಲ್ಮೀಕಿಯ ಆಶ್ರಮವಿತ್ತು, ಸೀತೆ ಲವಕುಶರನ್ನು ಹೆತ್ತದ್ದೂ ಇಲ್ಲೇ ಎಂಬುದು ಸ್ಥಳಪುರಾಣ. ಬೆಟ್ಟದ ಮೇಲೆ ಸೀತೆಗೆ ಗುಡಿಯೂ ಇದೆ. ಆಕೆ ಕಾಡು ಸೇರಲು ಕಾರಣ ಯುದ್ಧವಲ್ಲ, ಶಾಪವೂ ಅಲ್ಲ, ಊರಿನ ಮಾತು. ಉತ್ತರಕಾಂಡದಲ್ಲಿ ಭದ್ರನೆಂಬವನು ಬೀದಿಯಲ್ಲಿ, ಅಂಗಡಿ ಸಾಲಿನಲ್ಲಿ ಜನ ಏನು ಆಡಿಕೊಳ್ಳುತ್ತಿದ್ದಾರೆಂದು ರಾಮನಿಗೆ ವರದಿ ಒಪ್ಪಿಸುತ್ತಾನೆ. ಆಡಿದವರಲ್ಲಿ ಒಬ್ಬರೂ ಸೀತೆಯ ಎದುರು ನಿಂತು ಮಾತಾಡಿದವರಲ್ಲ. ಆಕೆಯನ್ನು ಕಾಡಿಗೆ ಕಳುಹಿಸುವಾಗಲೂ ಯಾರೂ ಆಕೆಯನ್ನು ಏನೂ ಕೇಳಲಿಲ್ಲ. ರಾಮಾಯಣ ಕ್ರೈಸ್ತರ ಶಾಸ್ತ್ರಗ್ರಂಥವಲ್ಲ. ಆದರೆ ಈ ಸೀಮೆಯ ಕ್ರೈಸ್ತರೂ ಈ ಬೆಟ್ಟದ ನೆರಳಿನಲ್ಲೇ ಬದುಕುವವರು. ಹಾಲಿನ ಡೇರಿಯ ಮುಂದೆ, ನಲ್ಲಿಯ ಹತ್ತಿರ, ಟೊಮೆಟೊ ಮಂಡಿಯಲ್ಲಿ, ಭಾನುವಾರದ ಆರಾಧನೆ ಮುಗಿದು ದೇವಾಲಯದ ಬಾಗಿಲಲ್ಲಿ ನಡೆಯುವ ಮಾತಿಗೂ ಆ ಹಳೆಯ ಮಾತಿಗೂ ಇರುವ ಹೋಲಿಕೆಯನ್ನು ಅವರಿಗೆ ಹೊರಗಿನವರು ಬಂದು ವಿವರಿಸಬೇಕಾಗಿಲ್ಲ. ಗೈರುಹಾಜರಾದವರ ಬಗ್ಗೆ, ಅವರ ಉತ್ತರ ಕೇಳದೆ, ಅವರ ಒಳಗನ್ನು ಬಲ್ಲೆವೆಂಬ ಭರವಸೆಯಿಂದ ಆಡುವ ಮಾತು ಎಲ್ಲ ಕಾಲದಲ್ಲೂ ಒಂದೇ ಜಾತಿಯದು.

ಇದನ್ನು ಬಿಡಬೇಕೆಂದು ಎಲ್ಲರೂ ಒಪ್ಪುತ್ತಾರೆ. ಲೋಕವನ್ನು ತಿದ್ದಹೊರಡುವ ಮೊದಲು ತನ್ನನ್ನು ತಿದ್ದಿಕೊಳ್ಳಬೇಕೆಂದು ಬಸವಣ್ಣ ಹೇಳಿ ಎಂಟು ಶತಮಾನಗಳಾದವು. ನಿಂದಕನಿಂದ ನಿಂದೆಗೆ ಒಳಗಾದವನಿಗೆ ಒಳಿತೇ ಆಗುತ್ತದೆಂದು ಪುರಂದರದಾಸರು ಸಮಾಧಾನ ಹೇಳಿದ್ದಾರೆ. ಕೇಳಿ ತಲೆದೂಗಿದ ಮೇಲೂ ಚಟ ಹೋಗುವುದಿಲ್ಲ ಎಂಬುದೇ ಇಲ್ಲಿನ ನಿಜವಾದ ತೊಡಕು. ಇನ್ನು ಮೇಲೆ ಯಾರನ್ನೂ ಆಡಿಕೊಳ್ಳುವುದಿಲ್ಲ ಎಂದು ನಿಶ್ಚಯ ಮಾಡಿದವನು ಸ್ವಲ್ಪ ದಿನಗಳಲ್ಲೇ ಆಡಿಕೊಳ್ಳುವವರನ್ನು ಕಂಡು ಆಡಿಕೊಳ್ಳಲು ತೊಡಗುತ್ತಾನೆ. ಭಕ್ತಿ ಬೆಳೆದಂತೆ ಚಟವೂ ಬೆಳೆಯುವುದುಂಟು. ಲೂಕನ ಸುವಾರ್ತೆಯಲ್ಲಿ ಯೇಸು ಹೇಳುವ ಸಾಮ್ಯದ ಫರಿಸಾಯ ಕೆಟ್ಟವನಲ್ಲ: ವಾರಕ್ಕೆ ಎರಡು ಸಲ ಉಪವಾಸ ಮಾಡುತ್ತಾನೆ, ಸಂಪಾದನೆಯಲ್ಲಿ ದಶಮಾಂಶ ಕೊಡುತ್ತಾನೆ. ಅವನ ಪ್ರಾರ್ಥನೆ ಕೆಡುವುದು ದೂರದಲ್ಲಿ ನಿಂತ ಸುಂಕದವನ ಕಡೆಗೆ ಕಣ್ಣು ಹೊರಳಿದಾಗ. ತನ್ನ ಒಳ್ಳೆಯತನಕ್ಕೆ ಬೆಲೆ ಕಟ್ಟಲು ಅವನಿಗೆ ಇನ್ನೊಬ್ಬನ ಕೆಟ್ಟತನ ಬೇಕಾಗಿದೆ. ಟೀಕಾಬುದ್ಧಿಯ ಬೇರು ಇರುವುದು ಈ ಬೇಕಾಗುವಿಕೆಯಲ್ಲೇ. ನಾಲಿಗೆಗೆ ಬೀಗ ಹಾಕಿದರೂ ಬೇರು ಹಾಗೆಯೇ ಉಳಿಯುತ್ತದೆ.

ಒಳಗನ್ನು ಕಾಣದೆ ಒಳಗಿನ ಬಗ್ಗೆ ತೀರ್ಪು ಕೊಡುವುದಕ್ಕೆ ಕೋಲಾರದ ಕ್ರೈಸ್ತ ಚರಿತ್ರೆಯಲ್ಲೇ ಒಂದು ಉದಾಹರಣೆಯಿದೆ. 1876–78ರ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನ ಸುಡುಗಾಡಾಯಿತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ತಂದೆತಾಯಿ ಸತ್ತ ಮಕ್ಕಳಿಗೆ ಕೋಲಾರದಲ್ಲಿ ಮಿಸ್ ಆನ್‌ಸ್ಟೀ ಎಂಬ ಮಿಷನರಿ ಮಹಿಳೆ ಆಶ್ರಯ ಕೊಟ್ಟರು. 1890ರ ಸುಮಾರಿಗೆ ಆ ಕೆಲಸ ಅಮೆರಿಕದ ಮೆಥೊಡಿಸ್ಟ್ ಎಪಿಸ್ಕೋಪಲ್ ಮಿಷನ್ನಿಗೆ ಸೇರಿತು. ಮುಂದೆ ಅದೇ ಮಿಷನ್ ಕಟ್ಟಿದ ಎಲೆನ್ ಥೋಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆಯನ್ನು ಜಿಲ್ಲೆಯ ಜನ ಇ.ಟಿ.ಸಿ.ಎಂ. ಎಂದೇ ಬಲ್ಲರು. ಕ್ಷಾಮದ ಕಾಲದಲ್ಲಿ ಕ್ರೈಸ್ತರಾದವರನ್ನು ದೇಶದ ಉದ್ದಗಲಕ್ಕೂ ಒಂದು ಮಾತು ಬೆನ್ನಟ್ಟಿತು: ಇವರು ಹೊಟ್ಟೆಪಾಡಿಗೆ ಮತ ಬಿಟ್ಟವರು. ಹೊರಗಿನವರಷ್ಟೇ ಅಲ್ಲ, ಮಿಷನರಿಗಳೂ ತಮ್ಮವರ ನಂಬಿಕೆ ಎಷ್ಟು ಗಟ್ಟಿಯೆಂದು ಶಂಕಿಸಿ ಬರೆದರು. ಇನ್ನೊಂದು ಕಡೆ ಅದೇ ಕಾಲದ ಎಷ್ಟೋ ಕ್ರೈಸ್ತ ಕರಪತ್ರಗಳು ನೆರೆಯವರ ದೇವರುಗಳನ್ನು ಹೀಗಳೆಯುವುದನ್ನೇ ಸುವಾರ್ತೆಯೆಂದು ತಿಳಿದವು. ಹಸಿದ ಮಗುವಿನ ಎದೆಯಲ್ಲಿ ಅನ್ನದ ಋಣ ಎಲ್ಲಿ ಮುಗಿದು ನಂಬಿಕೆ ಎಲ್ಲಿ ತೊಡಗಿತು ಎಂದು ಗೆರೆ ಎಳೆಯಬಲ್ಲವರು ಯಾರು? ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಪೌಲ, ಕರ್ತನು ಬಂದು ಹೃದಯದ ಗುಟ್ಟುಗಳನ್ನು ಬೆಳಕಿಗೆ ತರುವ ತನಕ ತೀರ್ಪು ಕೊಡಬೇಡಿ ಎನ್ನುವುದು ಈ ಕಾರಣಕ್ಕೆ. ಸೌಜನ್ಯಕ್ಕಾಗಿ ಹೇಳಿದ ಮಾತಲ್ಲ ಅದು. ಮನುಷ್ಯನ ಅರಿವಿಗಿರುವ ಮಿತಿಯನ್ನು ಕುರಿತದ್ದು.

ಹಾಗಾದರೆ ಬೇರು ಕೀಳುವುದು ಹೇಗೆ? ಕ್ರೈಸ್ತ ನಂಬಿಕೆ ಕೊಡುವ ಉತ್ತರ ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದ ಸಾಮ್ಯದಲ್ಲಿ ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ. ಅರಸನಿಗೆ ಹತ್ತು ಸಾವಿರ ತಲಾಂತು ಸಾಲ ತೀರಿಸಬೇಕಿದ್ದ ಸೇವಕನೊಬ್ಬ ಕಾಲು ಹಿಡಿದು ಬೇಡುತ್ತಾನೆ. ಅರಸ ಮರುಗಿ ಇಡೀ ಸಾಲವನ್ನೇ ಬಿಡುತ್ತಾನೆ. ಹೊರಗೆ ಬಂದ ಅದೇ ಸೇವಕ ತನಗೆ ನೂರು ದಿನಾರಿ ಕೊಡಬೇಕಿದ್ದ ಜೊತೆಯವನ ಕುತ್ತಿಗೆ ಹಿಡಿಯುತ್ತಾನೆ. ಇಲ್ಲಿನ ಲೆಕ್ಕವನ್ನು ಓದುಗರು ಸಾಮಾನ್ಯವಾಗಿ ದಾಟಿಬಿಡುತ್ತಾರೆ. ದಿನಾರಿಯೆಂದರೆ ಒಂದು ದಿನದ ಕೂಲಿ, ತಲಾಂತೆಂದರೆ ಸುಮಾರು ಆರು ಸಾವಿರ ದಿನಾರಿ. ಅಲ್ಲಿಗೆ ಸೇವಕನ ಸಾಲ ಆರು ಕೋಟಿ ದಿನಗಳ ಕೂಲಿ. ಎಷ್ಟು ಜನ್ಮ ದುಡಿದರೂ ಅದು ತೀರುವುದಿಲ್ಲ.

ಅಷ್ಟೇ ಮುಖ್ಯವಾದದ್ದು ಎರಡನೆಯ ಮೊತ್ತ. ನೂರು ದಿನದ ಕೂಲಿ ಅಲ್ಪವೆಂದು ಕೂಲಿ ಮಾಡುವ ಯಾರೂ ಹೇಳಲಾರರು. 2005ರ ಉದ್ಯೋಗ ಖಾತ್ರಿ ಕಾಯಿದೆ ಹಳ್ಳಿಯ ಒಂದು ಮನೆಗೆ ವರ್ಷಕ್ಕೆ ಭರವಸೆ ಕೊಟ್ಟದ್ದೂ ನೂರು ದಿನಗಳ ಕೆಲಸವನ್ನೇ. ಶ್ರೀನಿವಾಸಪುರದ ಮಾವಿನ ತೋಪಿನಲ್ಲೋ ಮಾಲೂರಿನ ಇಟ್ಟಿಗೆ ಗೂಡಿನಲ್ಲೋ ದುಡಿಯುವವರಿಗೆ ಅದು ಮಗಳ ಓದು, ಮನೆಯ ಮೇಲಿನ ಶೀಟು, ಆಸ್ಪತ್ರೆಯ ಖರ್ಚು. ಅಂದರೆ, ನೆರೆಯವನ ತಪ್ಪು ಬರೀ ಕಲ್ಪನೆ, ಅದನ್ನು ಮರೆತುಬಿಡು ಎಂದು ಯೇಸು ಹೇಳುತ್ತಿಲ್ಲ. ತಪ್ಪು ನಿಜ, ಸಾಲ ನಿಜ, ನೋವೂ ನಿಜ. ಅವುಗಳನ್ನು ಸಣ್ಣದು ಮಾಡದೆ, ಅವುಗಳ ಪಕ್ಕದಲ್ಲಿ ಇನ್ನೊಂದು ಸಾಲವನ್ನು ಇಟ್ಟು ತೋರಿಸುತ್ತಾನೆ. ಅದು ಆರು ಲಕ್ಷ ಪಟ್ಟು ದೊಡ್ಡದು, ಮತ್ತು ಅದು ಆಗಲೇ ಮನ್ನಾ ಆಗಿದೆ. ನೀತಿಬೋಧೆಗೂ ಕೃಪೆಯ ಬೋಧೆಗೂ ಇಲ್ಲೇ ದಾರಿ ಕವಲೊಡೆಯುತ್ತದೆ. ನೀನು ಒಳ್ಳೆಯವನಾಗು, ಆಗ ಬೇರೆಯವರನ್ನು ಹಳಿಯುವುದು ನಿಲ್ಲುತ್ತದೆ ಎನ್ನುತ್ತದೆ ನೀತಿ. ನೀನು ಕ್ಷಮೆ ಪಡೆದವನು, ನಿನ್ನ ಬೆಲೆ ಇನ್ನೊಬ್ಬರ ಕುಂದಿನ ಮೇಲೆ ನಿಂತಿಲ್ಲ ಎನ್ನುತ್ತದೆ ಕೃಪೆ. ಫರಿಸಾಯನಿಗೆ ಇನ್ನೊಬ್ಬನ ಕೆಟ್ಟತನ ಬೇಕಾದದ್ದು ತನ್ನ ಲೆಕ್ಕ ಹೊಂದಿಸಲು. ಲೆಕ್ಕವೇ ಹರಿದುಹೋದ ಮೇಲೆ ಅದರಿಂದ ಆಗಬೇಕಾದದ್ದೇನೂ ಇಲ್ಲ. ಕರ್ತನ ಪ್ರಾರ್ಥನೆಯಲ್ಲಿ ತನ್ನ ಕ್ಷಮೆಯನ್ನೂ ಇನ್ನೊಬ್ಬರಿಗೆ ಕೊಡುವ ಕ್ಷಮೆಯನ್ನೂ ಒಂದೇ ಉಸಿರಿನಲ್ಲಿ ಹೇಳಿಸಿರುವುದು ಇದನ್ನು ದಿನವೂ ನೆನಪಿಸಲಿಕ್ಕೆ. ಕಥೋಲಿಕರಲ್ಲಿ ಪಾಪನಿವೇದನೆ, ಪ್ರೊಟೆಸ್ಟೆಂಟರಲ್ಲಿ ಕರ್ತನ ಭೋಜನಕ್ಕೆ ಮುಂಚಿನ ಪಾಪದರಿಕೆ ಇರುವುದೂ ಇದೇ ಕೆಲಸಕ್ಕೆ. ಮೇಜಿನ ಬಳಿಗೆ ಬರುವವರು ನ್ಯಾಯಾಧೀಶರಾಗಿ ಬರುವಂತಿಲ್ಲ.

ನಂಬಿಕೆ ಎದೆಯಲ್ಲಿ ಹುಟ್ಟಿದರೂ ನಾಲಿಗೆಗೆ ಹಳೆಯ ರೂಢಿ ಉಳಿದಿರುತ್ತದೆ. ಇದನ್ನು ಚೆನ್ನಾಗಿ ಅರಿತಿದ್ದವರು ಮೆಥೊಡಿಸ್ಟ್ ಚಳವಳಿಯ ಜಾನ್ ವೆಸ್ಲಿ. ಕೋಲಾರದ ಮೆಥೊಡಿಸ್ಟ್ ಸಭೆಗಳಿಗೆ ಇವರೇ ಮೂಲಪುರುಷರು. 1742ರಲ್ಲಿ ಬ್ರಿಸ್ಟಲ್‌ನ ಪ್ರಾರ್ಥನಾಮಂದಿರದ ಸಾಲ ತೀರಿಸಲು ವಾರಕ್ಕೊಂದು ಪೆನ್ನಿಯಂತೆ ವಂತಿಗೆ ಎತ್ತುವ ಏರ್ಪಾಡಾಯಿತು. ಹನ್ನೆರಡು ಜನರಿಗೊಬ್ಬ ಮುಖಂಡ ಮನೆಮನೆಗೆ ಹೋಗಿ ಹಣ ಪಡೆಯುವಾಗ ಅವರ ಬದುಕಿನ ಕಷ್ಟ, ಕುಂದುಗಳೂ ಅವನಿಗೆ ತಿಳಿದವು. ತರಗತಿ ಕೂಟವೆಂಬ ಮೆಥೊಡಿಸ್ಟ್ ಪದ್ಧತಿ ಹುಟ್ಟಿದ್ದು ಹೀಗೆ. ಇನ್ನೊಬ್ಬರ ಕುಂದು ಕಂಡವನು ಅದನ್ನು ಏನು ಮಾಡಬೇಕು ಎಂಬ ಪ್ರಶ್ನೆಯೂ ಅದರ ಜೊತೆಗೇ ಎದ್ದಿತು. 1743ರ ಸಾಮಾನ್ಯ ನಿಯಮಗಳಲ್ಲಿ ಪ್ರೀತಿಯಿಲ್ಲದ ಮಾತನ್ನು ಕೇಡಿನ ಪಟ್ಟಿಗೆ ಸೇರಿಸಲಾಯಿತು. 1752ರ ಜನವರಿ 29ರಂದು ಜಾನ್ ವೆಸ್ಲಿ, ಅವರ ತಮ್ಮ ಚಾರ್ಲ್ಸ್ ಮತ್ತು ಜೊತೆಯ ಬೋಧಕರು ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಒಬ್ಬರ ಬಗ್ಗೆ ಒಬ್ಬರು ಕೆಡುಕಿನ ಮಾತಿಗೆ ಕಿವಿಗೊಡುವುದಿಲ್ಲ, ತಾವಾಗಿ ಕೆದಕುವುದಿಲ್ಲ. ಕಿವಿಗೆ ಬಿದ್ದರೂ ಬೇಗ ನಂಬುವುದಿಲ್ಲ. ಕೇಳಿದ್ದನ್ನು ಆದಷ್ಟು ಬೇಗ ಆ ವ್ಯಕ್ತಿಗೇ ಬಾಯಿಯಲ್ಲೋ ಪತ್ರದಲ್ಲೋ ತಿಳಿಸುತ್ತೇವೆ. ಹಾಗೆ ತಿಳಿಸುವವರೆಗೆ ಮತ್ತಾರ ಮುಂದೆಯೂ ಒಂದಕ್ಷರವನ್ನೂ ಆಡುವುದಿಲ್ಲ. ತಿಳಿಸಿದ ಮೇಲೂ ಬೇರೆಯವರಿಗೆ ಹೇಳಿಕೊಂಡು ತಿರುಗುವುದಿಲ್ಲ ಎಂಬುದು ಅದರ ಸಾರ.

1760ರಲ್ಲಿ ಅಚ್ಚಾದ ಪ್ರಸಂಗವೊಂದರಲ್ಲಿ ವೆಸ್ಲಿ ಇದಕ್ಕೆ ತಳಹದಿ ಹಾಕಿದರು. ಅವರ ವ್ಯಾಖ್ಯೆ ಕಟುವಾಗಿದೆ: ಆಡಿದ ಮಾತು ನಿಜವೇ ಆಗಿದ್ದರೂ, ಎದುರಿಗಿಲ್ಲದವನ ಕೆಡುಕನ್ನು ಹೇಳಿದರೆ ಅದು ದೂಷಣೆಯೇ. ಸುಳ್ಳಾದರೆ ಮಾತ್ರ ಚಾಡಿ, ನಿಜವಾದರೆ ತಪ್ಪಿಲ್ಲ ಎಂಬ ಸಾಮಾನ್ಯ ಸಮರ್ಥನೆಗೆ ಇಲ್ಲಿ ಆಸರೆಯಿಲ್ಲ. ಈ ಪಾಪ ಬಿಡಲು ಕಷ್ಟವೇಕೆಂದರೆ ಅದು ಧರ್ಮದ ವೇಷದಲ್ಲಿ ಬರುತ್ತದೆ. ಪಾಪದ ಮೇಲಿನ ಸಿಟ್ಟಿನಿಂದಲೇ ಈ ಪಾಪ ನಡೆಯುತ್ತದೆ ಎಂಬ ಅವರ ಅವಲೋಕನ ಇಂದಿಗೂ ಹರಿತವಾಗಿದೆ. ಪ್ರಾರ್ಥನಾ ಕೂಟದಲ್ಲಿ, ಇಂಥವರಿಗಾಗಿ ಪ್ರಾರ್ಥಿಸೋಣ ಎಂಬ ಪೀಠಿಕೆ ಹಾಕಿ ಅವರ ಮನೆಯ ಗುಟ್ಟನ್ನೆಲ್ಲ ಹರಡುವ ರೂಢಿಯನ್ನು ಬಲ್ಲವರಿಗೆ ಇದು ಅರ್ಥವಾಗುತ್ತದೆ. ಮದ್ದು ಮತ್ತಾಯನ 18ನೆಯ ಅಧ್ಯಾಯದಲ್ಲೇ ಇದೆ ಎನ್ನುತ್ತಾರೆ ಅವರು: ಮೊದಲು ಒಬ್ಬನೇ ಹೋಗಿ ಅವನಿಗೊಬ್ಬನಿಗೇ ಹೇಳು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಆಗಲೂ ಕೇಳದಿದ್ದರೆ ಸಭೆಗೆ ತಿಳಿಸು. ಈ ಕ್ರಮ ಚಟದ ಸಿಹಿಯನ್ನೇ ಕಿತ್ತುಕೊಳ್ಳುತ್ತದೆ. ಬೆನ್ನ ಹಿಂದೆ ಹೇಳಿದಾಗ ಸಿಗುವ ಮೇಲರಿಮೆ, ಕೇಳುವವರ ಜೊತೆ ಕುದುರುವ ಸಲಿಗೆ ಎದುರಿಗೆ ಹೋಗಿ ಹೇಳುವಾಗ ಸಿಗುವುದಿಲ್ಲ. ಅಲ್ಲಿ ಅವನ ಮುಖ ನೋಡಬೇಕು, ಅವನ ಕಾರಣ ಕೇಳಬೇಕು, ತಾನು ತಪ್ಪಾಗಿ ತಿಳಿದಿದ್ದೆನೆಂದು ಗೊತ್ತಾಗುವ ಅಪಾಯಕ್ಕೂ ಸಿದ್ಧನಿರಬೇಕು. ಹೇಳಲೇಬೇಕಾದ ಮಾತು ಎಷ್ಟು ಕಡಿಮೆಯೆಂಬುದು ಆ ಮನೆಯ ಬಾಗಿಲಿಗೆ ಹೋಗುವಷ್ಟರಲ್ಲಿ ತಿಳಿಯುತ್ತದೆ.

ಸಭೆಗಳೊಳಗೆ ನಡೆಯುವ ಆಡಿಕೆಯಲ್ಲಿ ದೊಡ್ಡ ಪಾಲು ಪಾಪದ ಬಗ್ಗೆ ಇರುವುದೇ ಇಲ್ಲ. ರೂಢಿಗಳ ಬಗ್ಗೆ ಇರುತ್ತದೆ. ಯಾರು ಕುಂಕುಮ ಇಡುತ್ತಾರೆ, ಯಾರು ಹೂ ಮುಡಿಯುತ್ತಾರೆ, ನೆರೆಮನೆಯ ಹಬ್ಬದೂಟಕ್ಕೆ ಯಾರು ಹೋದರು, ಯಾರು ಕೈತಟ್ಟಿ ಹಾಡುತ್ತಾರೆ, ಯಾರು ಮೌನವಾಗಿ ಮೊಣಕಾಲೂರುತ್ತಾರೆ. ಕನ್ನಡ, ತೆಲುಗು, ತಮಿಳು ಕಲೆತಿರುವ ಈ ಗಡಿಸೀಮೆಯಲ್ಲಿ, ಹತ್ತಿರದ ಕೆ.ಜಿ.ಎಫ್.ನಲ್ಲಂತೂ ಬೀದಿಗೊಂದು ಬಗೆಯ ಸಭೆಯಿದ್ದು, ಹೋಲಿಕೆಗೆ ಅವಕಾಶ ಹೇರಳ. ರೋಮಾಪುರದವರಿಗೆ ಬರೆದ ಪತ್ರದ 14ನೆಯ ಅಧ್ಯಾಯದಲ್ಲಿ ಪೌಲ ಎದುರಿಸಿದ್ದೂ ಇಂಥದೇ ಜಗಳವನ್ನು: ಮಾಂಸ ತಿನ್ನುವವರು ಸೊಪ್ಪುಸದೆ ತಿನ್ನುವವರನ್ನು ಹೀನೈಸುತ್ತಿದ್ದರು, ತಿನ್ನದವರು ತಿನ್ನುವವರಿಗೆ ತೀರ್ಪು ಕೊಡುತ್ತಿದ್ದರು. ಯಾವ ಕಡೆಯನ್ನೂ ಗೆಲ್ಲಿಸದೆ ಪೌಲ ಕೇಳುವುದು ಒಂದೇ ಪ್ರಶ್ನೆ: ಬೇರೊಬ್ಬ ಯಜಮಾನನ ಆಳಿಗೆ ತೀರ್ಪು ಹೇಳಲು ನೀನು ಯಾರು?

ಇಲ್ಲಿ ಒಂದು ಗಂಭೀರ ಆಕ್ಷೇಪಣೆ ಏಳುತ್ತದೆ, ಮತ್ತು ಅದನ್ನು ಬದಿಗೆ ಸರಿಸಿ ಮುಂದೆ ಹೋಗುವುದು ಅಪ್ರಾಮಾಣಿಕತೆ. ತೀರ್ಪು ಕೊಡಬೇಡಿ ಎಂಬ ಬೋಧೆ ಬಲವಂತರಿಗೆ ಬಲು ಅನುಕೂಲದ್ದು. ಹೊಡೆಯುವ ಗಂಡನ ಬಗ್ಗೆ ಹೆಂಡತಿ, ಕಾಣಿಕೆ ಹಣದ ಲೆಕ್ಕ ಕೇಳುವ ಸಭಿಕ, ಜಾತಿಯ ಅವಮಾನ ಉಂಡ ದಲಿತ ಬಾಯಿ ಬಿಟ್ಟಾಗ, ದೂರಬೇಡ, ಕ್ಷಮಿಸು ಎಂದು ಹೇಳಿ ಬಾಯಿ ಮುಚ್ಚಿಸಿರುವುದು ಸಭೆಗಳ ಚರಿತ್ರೆಯಲ್ಲಿ ಅಪರೂಪವಲ್ಲ. 2011ರ ಜನಗಣತಿಯಂತೆ ಕೋಲಾರ ಜಿಲ್ಲೆಯ ಜನರಲ್ಲಿ ಪರಿಶಿಷ್ಟ ಜಾತಿಗಳವರೇ ಸುಮಾರು ಶೇ 30. 2000ದಲ್ಲಿ ಇನ್ನೂ ಕೋಲಾರ ಜಿಲ್ಲೆಗೇ ಸೇರಿದ್ದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಆ ವರ್ಷದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ಇಂಥ ನೆಲದಲ್ಲಿ ಟೀಕೆಯನ್ನೇ ಬಿಡಿ ಎಂಬ ಉಪದೇಶ ಅನ್ಯಾಯದ ಪಕ್ಷ ವಹಿಸಿದಂತೆ.

ಆದರೆ ಶಾಸ್ತ್ರ ಹಾಗೆ ಹೇಳುವುದಿಲ್ಲ. ಪರ್ವತ ಪ್ರಸಂಗದಲ್ಲಿ ತನ್ನ ಕಣ್ಣಿನ ತೊಲೆ ತೆಗೆದ ಮೇಲೆ ಸಹೋದರನ ಕಣ್ಣಿನ ರವೆ ತೆಗೆಯಲು ಚೆನ್ನಾಗಿ ಕಾಣುತ್ತದೆ ಎಂದೇ ಯೇಸು ಮುಗಿಸುವುದು. ರವೆ ಇಲ್ಲವೆನ್ನುವುದಿಲ್ಲ, ಅದು ಅಲ್ಲೇ ಇರಲಿ ಎನ್ನುವುದಿಲ್ಲ. ಅದೇ ಅಧ್ಯಾಯದಲ್ಲಿ ಸುಳ್ಳು ಪ್ರವಾದಿಗಳನ್ನು ಅವರ ಫಲದಿಂದ ಗುರುತಿಸಬೇಕೆಂದೂ ಇದೆ. ಅಂತಿಯೋಕ್ಯದಲ್ಲಿ ಪೇತ್ರ ಯೆಹೂದ್ಯರಲ್ಲದ ವಿಶ್ವಾಸಿಗಳ ಜೊತೆ ಉಣ್ಣುವುದನ್ನು ಬಿಟ್ಟು ದೂರ ಸರಿದಾಗ ಪೌಲ ಅದನ್ನು ಎಲ್ಲರ ಮುಂದೆ, ಮುಖಾಮುಖಿ ಖಂಡಿಸಿದ. ಪಂಕ್ತಿಭೇದದ ನೋವು ಉಂಡ ಕನ್ನಡಿಗರಿಗೆ ಆ ಖಂಡನೆಯ ತೂಕ ಬೇಗ ತಿಳಿಯುತ್ತದೆ. ಜರ್ಮನಿಯ ಡೀಟ್ರಿಚ್ ಬಾನ್‌ಹಾಫರ್ ಫಿಂಕೆನ್‌ವಾಲ್ಡೆಯಲ್ಲಿ 1935ರಿಂದ ನಡೆಸಿದ ಗುರುವಿದ್ಯಾಲಯದಲ್ಲಿ, ಎದುರಿಗಿಲ್ಲದ ಸಹೋದರನ ಬಗ್ಗೆ ಮಾತಾಡಕೂಡದೆಂಬ ನಿಯಮವಿಟ್ಟಿದ್ದರು. ಅವರೇ ಹಿಟ್ಲರನ ಆಡಳಿತವನ್ನು ವಿರೋಧಿಸಿ 1945ರ ಏಪ್ರಿಲ್ 9ರಂದು ನೇಣಿಗೇರಿದರು. ಈ ಎರಡೂ ಒಂದೇ ಎದೆಯಿಂದ ಬಂದವು. ಟೀಕಾಬುದ್ಧಿ ಕೆಳಗೆ ಬಿದ್ದವನ ಮೇಲೆ, ಅವನಿಗೆ ಕೇಳಿಸದಂತೆ, ತನ್ನ ಹಿರಿಮೆಗಾಗಿ ಆಡುತ್ತದೆ. ನ್ಯಾಯದ ಮಾತು ಬಲವಂತನ ಎದುರಿಗೆ, ಅವನಿಗೆ ಕೇಳಿಸುವಂತೆ, ಪೆಟ್ಟು ತಿಂದವನಿಗಾಗಿ ಆಡುತ್ತದೆ. ಮೊದಲನೆಯದನ್ನು ಬಿಟ್ಟವರಿಗೆ ಎರಡನೆಯದಕ್ಕೆ ಬೇಕಾದ ಧೈರ್ಯ ಹೆಚ್ಚೇ ಆಗುತ್ತದೆ, ಏಕೆಂದರೆ ಅವರಿಗೆ ಕಾಪಾಡಿಕೊಳ್ಳಬೇಕಾದ ಹಿರಿಮೆ ಉಳಿದಿರುವುದಿಲ್ಲ. ಕ್ರೈಸ್ತರಲ್ಲದವರಲ್ಲೂ ಈ ಹದ ಕಂಡಿದೆ. ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು ಪತ್ರಕರ್ತರಾಗಿ ಆಳುವವರನ್ನು ನಿಷ್ಠುರವಾಗಿ ಪ್ರಶ್ನಿಸಿದರು. ಜ್ಞಾಪಕ ಚಿತ್ರಶಾಲೆಯ ಸಂಪುಟಗಳಲ್ಲಿ ಅದೇ ಲೇಖನಿ ಕಂಡ ಜನರ ಗುಣಗಳನ್ನು ಅಕ್ಕರೆಯಿಂದ ಆಯ್ದಿಟ್ಟಿತು.

ಟೀಕಾಬುದ್ಧಿ ತನ್ನ ಮೇಲೆಯೇ ತಿರುಗಿದಾಗ ಅದನ್ನು ದೈನ್ಯವೆಂದು ತಿಳಿಯುವುದುಂಟು. ತನ್ನನ್ನು ತಾನೇ ಹಗಲಿರುಳು ಹಳಿದುಕೊಳ್ಳುವವನೂ ನ್ಯಾಯಪೀಠದ ಮೇಲೆಯೇ ಕುಳಿತಿದ್ದಾನೆ. ಕಟಕಟೆಯಲ್ಲಿ ನಿಂತವನು ಮಾತ್ರ ಬದಲಾಗಿದ್ದಾನೆ. ಕೊರಿಂಥದವರಿಗೆ ಬರೆದ ಅದೇ ಪತ್ರದಲ್ಲಿ ಪೌಲ, ತನ್ನ ವಿಷಯದಲ್ಲೂ ತಾನು ತೀರ್ಪುಗಾರನಲ್ಲ ಎನ್ನುತ್ತಾನೆ. ಮನ್ನಾ ಆದ ಸಾಲವನ್ನು ಮತ್ತೆ ಮತ್ತೆ ಲೆಕ್ಕ ಹಾಕುವುದು ಅರಸನ ಮಾತನ್ನು ನಂಬದಿರುವುದಕ್ಕೆ ಸಮ. ತನ್ನ ಮೇಲೆ ಕರುಣೆಯಿಲ್ಲದವರು ಮನೆಮಂದಿಯ ಮೇಲೂ ಕರುಣೆ ತೋರಲಾರರು ಎಂಬುದನ್ನು ಸಭಾಪಾಲಕರು ಮನೆ ಭೇಟಿಗಳಲ್ಲಿ ಕಾಣುತ್ತಲೇ ಇರುತ್ತಾರೆ.

ಈ ಬಿಡುಗಡೆ ಒಂದೇ ದಿನದಲ್ಲಿ ಆಗುವಂಥದ್ದಲ್ಲ. ನಿಯಮ ಬರೆದ ವೆಸ್ಲಿಯವರಿಗೂ ಆಗಲಿಲ್ಲ. 1739ರಲ್ಲಿ ಅವರು, ರಕ್ಷಣೆ ಯಾರಿಗೆಂದು ದೇವರು ಮೊದಲೇ ಆರಿಸಿದ್ದಾನೆನ್ನುವ ದೈವಿಕ ಆಯ್ಕೆಯ ಸಿದ್ಧಾಂತದ ವಿರುದ್ಧ ಬೋಧಿಸಿ ಅದನ್ನು ಅಚ್ಚು ಹಾಕಿಸಿದರು. ಆ ಸಿದ್ಧಾಂತವನ್ನು ನಂಬಿದ್ದ ಗೆಳೆಯ ಜಾರ್ಜ್ ವೈಟ್‌ಫೀಲ್ಡ್ ಅದಕ್ಕೆ ಬಹಿರಂಗ ಪತ್ರದಲ್ಲಿ ಉತ್ತರ ಕೊಟ್ಟರು. 1741ರ ಹೊತ್ತಿಗೆ ಇಬ್ಬರ ದಾರಿಗಳೂ ಬೇರೆಯಾದವು. ಸ್ನೇಹ ಮತ್ತೆ ಕೂಡಲು ಕೆಲವು ವರ್ಷಗಳೇ ಬೇಕಾದವು. 1770ರ ಸೆಪ್ಟೆಂಬರ್ 30ರಂದು ವೈಟ್‌ಫೀಲ್ಡ್ ಅಮೆರಿಕದಲ್ಲಿ ತೀರಿಕೊಂಡಾಗ ಲಂಡನ್ನಿನಲ್ಲಿ ಅವರ ಸ್ಮರಣೆಯ ಪ್ರಸಂಗ ಮಾಡಿದವರು ವೆಸ್ಲಿ. ನವೆಂಬರ್ 18ರ ಆ ಪ್ರಸಂಗದಲ್ಲಿ ಅವರು ಗೆಳೆಯನ ದುಡಿಮೆಯನ್ನೂ ಕರುಣೆಯನ್ನೂ ಸ್ನೇಹಶೀಲತೆಯನ್ನೂ ಕೊಂಡಾಡಿ, ಅಷ್ಟು ಮೂಲಭೂತವಲ್ಲದ ಸಿದ್ಧಾಂತಗಳಲ್ಲಿ ದೇವರ ಮಕ್ಕಳು ಬೇರೆ ಬೇರೆಯಾಗಿ ಯೋಚಿಸಬಹುದೆಂದು ಹೇಳಿದರು. ದೈವಿಕ ಆಯ್ಕೆಯ ವಿಷಯದಲ್ಲಿ ಅವರಿಬ್ಬರು ಕೊನೆಯವರೆಗೂ ಒಮ್ಮತಕ್ಕೆ ಬಂದಿರಲಿಲ್ಲ.